ರುಜುವುಳ್ಳ ಪುಸ್ತಕಗಳನ್ನು ಅರಸುತ್ತ

ಪುಸ್ತಕಸಂಗ್ರಹ ಮಾಡುವವರಲ್ಲಿ ನಾನಾ ಬಗೆಯವರುಂಟು. ಕೆಲವರು ಶಾಸ್ತ್ರಗ್ರಂಥಗಳನ್ನೂ, ಕೆಲವರು ಕಾದಂಬರಿಗಳನ್ನೂ, ಮತ್ತೆ ಕೆಲವರು ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನೂ ಕೂಡಿಡುವರು. ಆದರೆ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದ ಕಲಾವಿದರು ಸ್ವಹಸ್ತದಿಂದ ರುಜು ಮಾಡಿ, ಇಂಥವರಿಗೆಂದು ಬರೆದುಕೊಟ್ಟ ಪುಸ್ತಕಗಳನ್ನು ಅರಸುವವರು ವಿರಳ. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ ನನಗೆ ಈ ಹವ್ಯಾಸವು ಅಂಟಿಕೊಂಡಿತು. ಅದರ ನಿಮಿತ್ತವಾಗಿ ಬೆಂಗಳೂರಿನಲ್ಲಿ ನಾನು ಸುತ್ತುವ ಎರಡು ಮೂರು ಸ್ಥಳಗಳಿಗೆ ವಾಚಕರನ್ನೂ ಕರೆದೊಯ್ಯುವೆನು.

ಮಹಾತ್ಮಾ ಗಾಂಧಿ ರಸ್ತೆಯ ಪೂರ್ವದ ಕೊನೆಯಲ್ಲಿರುವ ಟ್ರಿನಿಟಿ ಮೆಟ್ರೋ ನಿಲ್ದಾಣದಲ್ಲಿಳಿದು ವಿಚಾರಿಸಿದರೆ ಮಿಡ್‌ಫೋರ್ಡ್ ಗಾರ್ಡನ್ನಿನ ದಾರಿಯನ್ನು ತೋರಿಸುವರು. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು 2001ರಲ್ಲಿ ಹುಟ್ಟಿತು. ಅದರ ಚಿತ್ರಶಾಲೆಯು 2007ರಲ್ಲಿ ಇಲ್ಲಿ ತೆರೆಯಿತು. ಪುಸ್ತಕ ಕೊಳ್ಳುವುದಕ್ಕೆ ಮೊದಲು ಇಂಥ ಸ್ಥಳದಲ್ಲಿ ಗಳಿಗೆಯ ಹೊತ್ತು ನಿಲ್ಲುವುದು ಮೇಲು. ಕುಂಚದ ಗೆರೆ ಎಲ್ಲಿ ದಪ್ಪನಾಯಿತು, ಲೇಖನಿ ಎಲ್ಲಿ ತಡೆಯಿತು, ಹೆಸರನ್ನು ಯಾವ ಮೂಲೆಯಲ್ಲಿ ಬರೆದರು, ಇವೆಲ್ಲವನ್ನೂ ನೋಡಿ ನೋಡಿಯೇ ಕಲಾವಿದನ ಕೈ ಪರಿಚಯವಾಗಬೇಕು.

ನಮ್ಮ ನಾಡಿಗೂ ಈ ಕಲೆಗೂ ಹಳೆಯ ನಂಟು. ವೈದ್ಯರಾಗಿದ್ದ ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯು 1967ರವರೆಗೆ ಕನ್ನಡಿಗರನ್ನು ನಗಿಸಿತು. ಮೈಸೂರಿನಲ್ಲಿ 1921ರಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು ತಾರುಣ್ಯದಲ್ಲಿ ಅದಕ್ಕೆ ಚಿತ್ರ ಬರೆದರು. ಮುಂದೆ ಮುಂಬಯಿಗೆ ಹೋಗಿ ದೇಶಪ್ರಸಿದ್ಧರಾಗಿ 2015ರಲ್ಲಿ ತೀರಿಕೊಂಡರು. ದೆಹಲಿಯಲ್ಲಿ ಶಂಕರ್ ಪಿಳ್ಳೆಯವರ ವಾರಪತ್ರಿಕೆಯು 1948ರಿಂದ 1975ರವರೆಗೆ ನಡೆಯಿತು. ಕಲಾವಿದರು ಹೋದರು, ಪತ್ರಿಕೆಗಳೂ ನಿಂತವು. ಅವರ ಕೈಯ ಗುರುತು ಅಲ್ಲೊಂದು ಇಲ್ಲೊಂದು ಪುಸ್ತಕದ ಮೊದಲ ಹಾಳೆಯಲ್ಲಿ ಉಳಿದಿದೆ.

ಆ ಹಾಳೆಗಳನ್ನು ಹುಡುಕುವುದಕ್ಕೆ ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಬಂದು ಬ್ರಿಗೇಡ್ ರಸ್ತೆಗೆ ತಿರುಗಬೇಕು. ಅದರ ಅಡ್ಡದಾರಿಯೊಂದರಲ್ಲಿ 1945ರಲ್ಲಿ ಸ್ಥಾಪಿತವಾದ ಸೆಲೆಕ್ಟ್ ಪುಸ್ತಕದಂಗಡಿಯಿದೆ. ಸಮೀಪದ ಚರ್ಚ್ ಸ್ಟ್ರೀಟಿನಲ್ಲಿಯೂ ಹಳೆಯ ಪುಸ್ತಕ ಮಾರುವ ಅಂಗಡಿಗಳುಂಟು. ಇಲ್ಲಿ ಒಂದು ಎಚ್ಚರಿಕೆ ಬೇಕು. ವ್ಯಂಗ್ಯಚಿತ್ರಕಾರನ ರುಜುವು ಅವನ ಪ್ರತಿಯೊಂದು ಚಿತ್ರದೊಡನೆಯೂ ಅಚ್ಚಾಗಿರುವುದರಿಂದ, ಅಚ್ಚಿನ ರುಜುವನ್ನೇ ಕೈಬರಹವೆಂದು ನಂಬುವುದು ಸುಲಭ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಲೇಖನಿ ಊರಿದ್ದರೆ ಸಣ್ಣ ತಗ್ಗು ಕಾಣುವುದು. ಹಿಂಬದಿಯನ್ನು ನೋಡಿರಿ, ಶಾಯಿಯು ಅನೇಕ ವೇಳೆ ಇಳಿದಿರುವುದು. ಭೂತಕನ್ನಡಿಯಲ್ಲಿ ಅಕ್ಷರವೆಲ್ಲ ಚುಕ್ಕೆಚುಕ್ಕೆಯಾಗಿ ಕಂಡರೆ ಅದು ಅಚ್ಚೆಂದೇ ತಿಳಿಯಿರಿ.

ಕೆಲವು ವರ್ಷಗಳ ಹಿಂದೆ ನಗರದ ಒಂದು ಅಂಗಡಿಯಲ್ಲಿ ಇಂಥ ಪುಸ್ತಕವೊಂದು ನನ್ನ ಕೈಗೆ ಬಂದಿತು. ಕಲಾವಿದರು ತಮಗೆ ಚಿಕಿತ್ಸೆ ಮಾಡಿದ ವೈದ್ಯರಿಗೆ ಅದನ್ನು ಕೊಟ್ಟಿದ್ದರು. ವೈದ್ಯರ ಹೆಸರಿನ ಕೆಳಗೆ ಔಷಧದ ಸೀಸೆಯೊಂದು ಕೈಮುಗಿದು ನಿಂತಿತ್ತು. ಮನೆ ಖಾಲಿಮಾಡುವಾಗ ಯಾರೋ ತೂಕಕ್ಕೆ ಹಾಕಿದ ರಾಶಿಯಲ್ಲಿ ಬಂದದ್ದೆಂದು ಅಂಗಡಿಯವರು ಹೇಳಿದರು. ಪಕ್ಕದಲ್ಲಿದ್ದ ತರುಣನೊಬ್ಬನು, “ಆ ಹಾಳೆಯೊಂದನ್ನು ಕತ್ತರಿಸಿ ಕಟ್ಟುಹಾಕಿಸಿದರೆ ಚೆನ್ನಾಗಿರುತ್ತದೆ ಸ್ವಾಮಿ, ಪುಸ್ತಕವೇಕೆ?” ಎಂದನು. ನನಗೆ ಎದೆ ಝಲ್ಲೆಂದಿತು. ಎರಡು ತಿಂಗಳ ಹಾಲಿನ ಲೆಕ್ಕದಷ್ಟು ಹಣ ಕೊಟ್ಟು ಪುಸ್ತಕವನ್ನು ಮನೆಗೆ ತಂದೆನು.

ತಾಳೆಯೋಲೆಯ ಗ್ರಂಥಗಳ ಕೊನೆಯಲ್ಲಿ ಲಿಪಿಕಾರನು ಇಂಥ ಸಂವತ್ಸರದಲ್ಲಿ, ಇಂಥವರಿಗಾಗಿ ಬರೆದೆನೆಂದು ಹೇಳುವುದುಂಟು. ಆ ಮಾತನ್ನು ಕಿತ್ತರೆ ಶ್ಲೋಕಗಳು ಉಳಿದರೂ ಅವುಗಳನ್ನು ಕಾಪಾಡಿದ ಮನೆಯ ನೆನಪು ಅಳಿಯುವುದು. ಧರ್ಮಶಾಸ್ತ್ರವು ನಿಕ್ಷೇಪವೆಂದು ಒಂದನ್ನು ಹೇಳುತ್ತದೆ: ಇನ್ನೊಬ್ಬರದನ್ನು ನಂಬಿಕೆಯಿಂದ ಕಾಯ್ದಿಟ್ಟು ಹಿಂದಕ್ಕೆ ಕೊಡುವುದು. ಹೆಸರು ಬರೆದುಕೊಟ್ಟ ಪುಸ್ತಕವನ್ನು ಹಣ ಕೊಟ್ಟು ಕೊಂಡರೂ ಅದು ಒಂದಂಶದಲ್ಲಿ ನಿಕ್ಷೇಪವೆಂದೇ ನನಗೆ ತೋರಿತು. ಅಂಗಡಿಯವರ ಮೂಲಕ ಸುದ್ದಿ ಕಳುಹಿಸಿದೆನು. ತಿಂಗಳೊಳಗೆ ಆ ವೈದ್ಯರ ಮೊಮ್ಮಗಳು ಬಂದು, ಹಾಳೆ ತಿರುವಿ, “ಅಜ್ಜನ ಹೆಸರು ಇದರಲ್ಲಿರುವುದು ನಮಗೆ ಗೊತ್ತೇ ಇರಲಿಲ್ಲ, ಮೇಷ್ಟ್ರೇ” ಎಂದಳು. ಕೊಟ್ಟ ಬೆಲೆಗೇ ಪುಸ್ತಕವನ್ನು ಕೊಟ್ಟುಬಿಟ್ಟೆನು. ಕಪಾಟಿನಲ್ಲಿ ಅದರ ಸ್ಥಳ ಇನ್ನೂ ಬರಿದಾಗಿದೆ; ವ್ಯಥೆಯಿಲ್ಲವೆಂದರೆ ಸುಳ್ಳಾದೀತು.

ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೆ. ಹಿರಿಯರ ಪುಸ್ತಕಗಳನ್ನು ತಕ್ಕಡಿಗೆ ಹಾಕುವ ಮುನ್ನ ಪ್ರತಿಯೊಂದರ ಮೊದಲ ನಾಲ್ಕು ಹಾಳೆಗಳನ್ನು ತಿರುವಿ ನೋಡಿರಿ. ಹೆಸರಿದ್ದರೆ ಅಳಿಸಬೇಡಿರಿ, ಅಂಟುಪಟ್ಟಿ ಹಚ್ಚಬೇಡಿರಿ, ಹಾಳೆಯನ್ನು ಕತ್ತರಿಸಬೇಡಿರಿ. ಬಿಸಿಲೂ ತೇವವೂ ತಾಕದೆಡೆ ಇಡಿರಿ. ಕೊಟ್ಟವರು ಯಾರು, ಪಡೆದವರು ಯಾರೆಂಬುದನ್ನು ಬೇರೆ ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಡಿರಿ.