ಗಾಲಿಗೆ ಕಲ್ಲು ಕೊಡುವಾಕೆ

ರಾತ್ರಿ ಒಂಬತ್ತು ದಾಟಿದೆ. ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹೊಲದಿಂದ ಟ್ರ್ಯಾಕ್ಟರ್ ಏದುಸಿರು ಬಿಡುತ್ತ ಡಾಂಬರು ರಸ್ತೆಗೆ ಹತ್ತುತ್ತದೆ. ಹಿಂದೆ ಎರಡು ಡಬ್ಬಿ, ಅವುಗಳ ತುಂಬ ಸುಮಾರು 18 ಟನ್ ಕಬ್ಬು. ಟ್ರ್ಯಾಕ್ಟರ್ ಹೊಡೆಯುವವನ ಎಡಕ್ಕೆ, ಮಡ್‌ಗಾರ್ಡಿನ ಮೇಲೆ ಗೋಣಿಚೀಲ ಮಡಚಿ ಹಾಕಿಕೊಂಡು ಅವನ ಹೆಂಡತಿ ಕೂತಿದ್ದಾಳೆ. ಬಲಕ್ಕೆ ನಾನು. ಎಳ್ಳ ಅಮಾವಾಸ್ಯೆ ಕಳೆದು ವಾರವಾಗಿದೆ, ಚಳಿ ಎಲುಬಿಗೆ ಇಳಿಯುತ್ತಿದೆ. ಆಕೆ ಸೆರಗಿನ ಮೇಲೆ ಟವೆಲ್ ಸುತ್ತಿ ಕಿವಿ ಮುಚ್ಚಿಕೊಂಡಿದ್ದಾಳೆ. ಕೈಯಲ್ಲಿ ಬ್ಯಾಟರಿ. ಕಾಲ ಬುಡದಲ್ಲಿ ರೊಟ್ಟಿಯ ಗಂಟು, ನೀರಿನ ಕ್ಯಾನು, ಒಂದು ಕರಿಕಲ್ಲು.

"ಈ ಕಲ್ಲ್ ಯಾಕವ್ವಾ?"

"ತಡೀರಿ ಅಣ್ಣಾ, ದಿಬ್ಬಾ ಬರ್ಲಿ, ಗೊತ್ತಾಗ್ತದ."

ಇವರ ಊರು ಆಳಂದ ತಾಲ್ಲೂಕಿನದು. ಮಳೆ ನಂಬಿದ ಮೂರು ಎಕರೆ ತೊಗರಿ ಹೊಲ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಬಂತು, ಈ ನೆಲದ ಬೇಳೆಯ ರುಚಿಗೆ ಅದು ಸಲ್ಲಬೇಕಾದ ಗೌರವವೇ. ಆದರೆ ನೆಟೆ ರೋಗ ಹತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಇವರ ಹೊಲದಲ್ಲಿ ಆದದ್ದು ಅದೇ. ಕಬ್ಬು ಮಾತ್ರ ಭೀಮೆಯ ಗುಂಟ, ಸೊನ್ನ ಬ್ಯಾರೇಜಿನ ನೀರಿನ ಆಸರೆಯಲ್ಲಿ ಎದೆಯೆತ್ತರ ಮೀರಿ ನಿಂತಿರುತ್ತದೆ. ಆಳಂದದ ಭೂಸನೂರು, ಅಫಜಲಪುರದ ಹವಳಗಾ, ಜೇವರ್ಗಿ ಕಡೆಯ ಮಳ್ಳಿ, ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. ದೀಪಾವಳಿ ಮುಗಿಯುತ್ತಲೇ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಗಂಡ ಹೆಂಡತಿ ಕಬ್ಬು ಕಡಿಯುವ ಟೋಳಿಯ ಜೊತೆ ಹೊರಟುಬಿಟ್ಟರು. ಯುಗಾದಿಯ ತನಕ ಹೊಲದ ಬದುವಿನ ಗುಡಿಸಲೇ ಮನೆ, ರಾತ್ರಿಯೆಲ್ಲ ಈ ರಸ್ತೆಯೇ ಮನೆ.

ಟೋಳಿಗೆ ಅದರದೇ ಲೆಕ್ಕವಿದೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಟೋಳಿ ಕಟ್ಟುವ ಮುಕಾದಮನ ವಹಿಯಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಂಗಡ ಕೊಡುವುದು ಜೋಡಿಗೆ, ಬರೆದುಕೊಳ್ಳುವುದು ಗಂಡನ ಹೆಸರಿಗೆ. ಈತ ಟ್ರ್ಯಾಕ್ಟರ್ ಹೊಡೆಯುವುದರಿಂದ ಈಕೆ ಅರ್ಧ ಕೊಯ್ತಾ. ನಸುಕಿನಲ್ಲೇ ಹೊಲಕ್ಕಿಳಿದು ಕಡಿದಿದ್ದಾಳೆ, ಸೋಗೆ ಸವರಿ ಹೊರೆ ಕಟ್ಟಿದ್ದಾಳೆ, ತಲೆಯ ಮೇಲೆ ಹೊತ್ತು ಹಲಗೆ ಏರಿ ಡಬ್ಬಿಗೆ ಹೇರಿದ್ದಾಳೆ. ಈಗ ರಾತ್ರಿಯ ಪಾಳಿ. ಕಡಿದ ಕಬ್ಬು 24 ತಾಸಿನೊಳಗೆ ಗಾಣ ಸೇರಬೇಕು, ತಡವಾದಷ್ಟೂ ತೂಕವೂ ಸಕ್ಕರೆ ಅಂಶವೂ ಇಳಿಯುತ್ತವೆ.

ಗಂಡನ ಕಣ್ಣು ಎಳೆಯತೊಡಗಿದ್ದು ನನಗಿಂತ ಮೊದಲು ಆಕೆಗೆ ತಿಳಿಯುತ್ತದೆ. "ಏನ್ರಿ, ಎಚ್ಚರ ಇದ್ದೀರಿಲ್ಲ?" ಎನ್ನುತ್ತ ಸಂಚಿಯಿಂದ ಅಡಿಕೆ ತೆಗೆದು ಅಂಗೈಗೆ ಹಾಕುತ್ತಾಳೆ. ಮಾತು ಬಿಡುವುದಿಲ್ಲ. ಈ ಸಲ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಲಾಗಲಿಲ್ಲ. ಸಜ್ಜಿ ರೊಟ್ಟಿ, ಭಜ್ಜಿ ಗುಡಿಸಲಲ್ಲೇ ಮಾಡಿ, ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಯಾರದೋ ಜೋಳದ ಹೊಲಕ್ಕೆ ಚರಗ ಚೆಲ್ಲಿದರಂತೆ. "ಯಾರ ಹೊಲ ಆದ್ರೇನ್ರಿ, ಭೂಮಿತಾಯಿ ಒಬ್ಬಾಕಿನ ಅಲ್ಲ?"

ದಿಬ್ಬ ಬಂತು. ಅರ್ಧಕ್ಕೆ ಎಂಜಿನ್ ದನಿ ಬಿಗಿಯಾಯಿತು. ಹಿಂದಿನ ಭಾರಕ್ಕೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಗೇಣೆತ್ತರ ಎದ್ದವು. ಹೊಟ್ಟೆಯಲ್ಲಿ ತಣ್ಣಗಾಯಿತು ನನಗೆ. ಆತ ಬ್ರೇಕ್ ಒತ್ತಿ "ಕಲ್ಲ್ ಕೊಡು!" ಎನ್ನುವಷ್ಟರಲ್ಲಿ ಆಕೆ ಕಲ್ಲಿನೊಂದಿಗೆ ಇಳಿದಾಗಿತ್ತು. ಕಡೆಯ ಡಬ್ಬಿಯ ಗಾಲಿಯ ಹಿಂದೆ ಕಲ್ಲು ಒತ್ತಿ, ಅಂಗಾಲಿನಿಂದ ತುಳಿದು ಕೂರಿಸಿ, ಹಿಂದಿನಿಂದ ಬರುತ್ತಿದ್ದ ಲಾರಿಗೆ ಬ್ಯಾಟರಿ ಬೀಸತೊಡಗಿದಳು. ಡಬ್ಬಿಗೆ ಹಿಂಬದಿ ದೀಪವಿಲ್ಲ. ಆ ಕತ್ತಲಲ್ಲಿ 18 ಟನ್ನಿಗೂ ಲಾರಿಗೂ ನಡುವೆ ಇದ್ದದ್ದು ಆ ಒಂದು ಬೆಳಕು. ಆತ ಗೇರ್ ಇಳಿಸಿದ. "ಹೊಡೀರಿ!" ಎಂದು ಆಕೆ ಕೂಗಿದಳು. ಗಾಲಿ ಒಂದೊಂದೇ ಸುತ್ತು ಉರುಳಿ ದಿಬ್ಬ ಹತ್ತಿತು. ಕಲ್ಲೆತ್ತಿಕೊಂಡು ಓಡಿ ಬಂದು ಕೂತವಳ ಎದೆ ಇನ್ನೂ ಏರಿಳಿಯುತ್ತಿತ್ತು.

ಕಲ್ಲನ್ನು ಮುಟ್ಟಿ ನೋಡಿದೆ. ಒಂದು ಮಗ್ಗುಲು ಟೈರಿಗೆ ಉಜ್ಜಿ ಉಜ್ಜಿ ನುಣ್ಣಗಾಗಿದೆ. "ನಮ್ಮ ಹೊಲದ ಬದುವಿಂದರಿ. ಬರೂಮುಂದ ಹಾಕ್ಕೊಂಡ್ ಬಂದೆ."

ಕಾರ್ಖಾನೆಯ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸರದಿ. ಕಬ್ಬಿನ ಒಣ ರವದಿಯ ಬೆಂಕಿ ಕಾಯಿಸುತ್ತ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ತಿಂದೆವು. ಗಂಡ ಕ್ಯಾನಿನಿಂದ ಗಟಗಟ ಕುಡಿದ. ಆಕೆ ತುಟಿ ಒದ್ದೆ ಮಾಡಿಕೊಂಡಳಷ್ಟೆ. "ಹೊತ್ತು ಮುಳುಗಿದ ಮ್ಯಾಲ ನಾ ನೀರ ಕುಡಿಯಂಗಿಲ್ರಿ. ಇಲ್ಲಿ ಹೆಣ್ಮಕ್ಕಳಿಗೆ ಹೋಗ್ಲಾಕ ಜಾಗಾ ಎಲ್ಲದ?" ಇಡೀ ರಾತ್ರಿ ಕಾಲ ಬುಡದಲ್ಲಿದ್ದ ಆ ನೀರು ಗಂಡನಿಗೆ, ರೇಡಿಯೇಟರಿಗೆ. ನನ್ನ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ.

ಮೂಡಲು ಬೆಳಗಾಗುವಾಗ ಕಾಟಾದಲ್ಲಿ ತೂಕ ಆಯಿತು. ಚೀಟಿ ಓದಿ ಹೇಳಿದೆ. ಗಾಡಿಯ ನಂಬರಿದೆ, ರೈತನ ಹೆಸರಿದೆ, ಡ್ರೈವರನ ಹೆಸರಿದೆ. ಆಕೆ ಕೇಳಿದ್ದು ತೂಕವನ್ನು ಮಾತ್ರ. ಆದರೆ ನಾನು ಕೇಳಲೇಬೇಕು. ದಿಬ್ಬದ ಮೇಲೆ ಗಾಲಿ ತಡೆದವಳ, ನಿದ್ದೆಗಣ್ಣಿನ ಗಂಡನನ್ನು ದಾರಿಗೆ ಹಚ್ಚಿದವಳ ಹೆಸರಿಗೆ ಒಂದು ಸಾಲು ಬೇಡವೇ? ವಹಿಯಲ್ಲಿ ಆಕೆಯ ಹೆಸರು, ಆಕೆಯ ಕೈಗೆ ಆಕೆಯ ಕೂಲಿ, ಅಂಗಳದಲ್ಲೊಂದು ಶೌಚಾಲಯ. ಇದು ಉಪಕಾರವಲ್ಲ, ದುಡಿದವಳ ಹಕ್ಕು.

ಖಾಲಿ ಡಬ್ಬಿಗಳು ಗಡಗಡಿಸುತ್ತ ಹಿಂದಿರುಗಿದವು. ಇಲ್ಲಿಯ ಕಬ್ಬು ತೀರಿದರೆ ಮುಂದಿನ ವಾರ ಭೀಮಾ ದಾಟಿ ಜೇವರ್ಗಿ ಕಡೆ ಹೋಗಬೇಕು ಎಂದ ಗಂಡ. ಆಕೆ ಕಲ್ಲನ್ನು ಕಾಲಿನಿಂದ ಒಳಗೆ ಸರಿಸಿಕೊಂಡು ಕೇಳಿದಳು:

"ಆ ಕಡಿ ದಾರ್‍ಯಾಗ ದಿಬ್ಬಾ ಎಷ್ಟ್ ಅವರಿ?"