ಬದುವಿನ ಆಚೆ ಒಂದು ದರ, ಈಚೆ ಒಂದು ದರ

ಅರಸೀಕೆರೆ ಸೀಮೆಯ ನಮ್ಮ ದೊಡ್ಡಪ್ಪನ ತೋಟದಲ್ಲಿ ಎತ್ತಿನಹೊಳೆ ನಾಲೆಗೆ ಕಲ್ಲು ನೆಟ್ಟಾಗ ಊರಲ್ಲಿ ಯಾರೂ ಜಗಳ ತೆಗೆಯಲಿಲ್ಲ. ನೀರು ಅಂದರೆ ಕೈಮುಗಿಯುವ ಊರು ಅದು. ಬೋರ್‌ವೆಲ್ ಕೊರೆಸಿ ಕೊರೆಸಿ ಸಾಲ ಮಾಡಿಕೊಂಡವರು, ಸುಳಿ ಒಣಗಿದ ತೆಂಗಿನ ಮರ ಕಡಿಸಿ ಮಾರಿದವರು ಬೀದಿಗೆ ನಾಲ್ಕು ಜನ ಸಿಗುತ್ತಿದ್ದರು. ಎತ್ತಿನಹೊಳೆ ಅಂದರೆ ಸಕಲೇಶಪುರದ ಘಟ್ಟದ ಹೊಳೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದವರೆಗೆ ಒಯ್ಯುವ ಯೋಜನೆ. 2014ರಲ್ಲಿ ಶಂಕುಸ್ಥಾಪನೆ ಆಗಿತ್ತು. ಇನ್ನೂರೈವತ್ತು ಕಿಲೋಮೀಟರ್ ಮೀರಿದ ನಾಲೆ ಬೇಲೂರು, ಅರಸೀಕೆರೆ ದಾಟಿಯೇ ಹೋಗಬೇಕು.

ಜಂಟಿ ಅಳತೆಯ ದಿನ ನಾನೂ ಇದ್ದೆ. ಒಬ್ಬ ಹುಡುಗ ಕೆಂಪು ಬಣ್ಣದ ಡಬ್ಬಿ ಹಿಡಿದು ಮರಮರಕ್ಕೂ ನಂಬರ್ ಬರೆಯುತ್ತ ಬಂದ. ದೊಡ್ಡಮ್ಮ ಅವನ ಹಿಂದೆಯೇ ನಡೆದು, ಪೊದೆಯ ಮರೆಯಲ್ಲಿದ್ದ ಎಳೆ ಸಸಿಗಳನ್ನು ಸೆರಗಿನಿಂದ ಒರೆಸಿ ತೋರಿಸುತ್ತಿದ್ದಳು, "ಇದನ್ನೂ ಬರ್ಕೊಳ್ಳಪ್ಪ, ನಾನೇ ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು."

ಮರ ಬರೆದುಕೊಂಡರು. ತಕರಾರು ಬಂದದ್ದು ಮಣ್ಣಿನ ಬೆಲೆಯಲ್ಲಿ. ನಮ್ಮ ತೋಟಕ್ಕೂ ಪಕ್ಕದ ಮಾವನ ತೋಟಕ್ಕೂ ನಡುವೆ ಇದ್ದದ್ದು ಒಂದು ಬದು. ಎರಡೂ ಕಡೆ ಅದೇ ಮಣ್ಣು, ಅದೇ ವಯಸ್ಸಿನ ತೆಂಗು. ಮಾವ ಸರ್ಕಾರಿ ನೌಕರಿ ಮಾಡಿ ಬಂದವರು, ಪಹಣಿಯಲ್ಲಿ ಬಾಗಾಯ್ತು, ಅಂದರೆ ತೋಟದ ಜಮೀನು, ಅಂತ ತಿದ್ದಿಸಿಕೊಂಡಿದ್ದರು. ದೊಡ್ಡಪ್ಪನ ಪಹಣಿ ತಾತನ ಕಾಲದ ಖುಷ್ಕಿಯಾಗಿಯೇ, ಅಂದರೆ ಮಳೆ ನಂಬಿದ ಹೊಲವಾಗಿಯೇ, ಉಳಿದಿತ್ತು. ಖುಷ್ಕಿಗೆ ದರ ಕಡಿಮೆ. ದೊಡ್ಡಪ್ಪ ಮರಗಳನ್ನು ತೋರಿಸಿದರೆ ಅಳತೆಗೆ ಬಂದವರು, "ಪಹಣೀಲಿ ಏನಿದ್ಯೋ ಅದೇ ಲೆಕ್ಕ ಯಜಮಾನ್ರೇ" ಅಂದರು. ಕಣ್ಣೆದುರು ಕಾಯಿ ತೂಗುತ್ತಿರುವಾಗ ಕಾಗದವೇ ದೊಡ್ಡದು ಅನ್ನುವುದು ನನಗೆ ಇವತ್ತಿಗೂ ಅನ್ಯಾಯವಾಗಿಯೇ ಕಾಣುತ್ತದೆ.

2013ರ ಭೂಸ್ವಾಧೀನ ಕಾಯ್ದೆ ಬೆಲೆ ಕಟ್ಟುವುದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ ಮತ್ತು ಸುತ್ತಲಿನ ಹಿಂದಿನ ಮೂರು ವರ್ಷದ ಕ್ರಯಪತ್ರಗಳನ್ನು ನೋಡಿ. ನಮ್ಮ ಕಡೆ ಮುದ್ರಾಂಕ ಶುಲ್ಕ ಉಳಿಸಲು ಕ್ರಯವನ್ನು ಕಡಿಮೆ ಮಾಡಿ ಬರೆಸುವವರೇ ಹೆಚ್ಚು. ಅದರ ಪೆಟ್ಟು ಜಮೀನು ಮಾರದೆ ಕೂತ ಬಡವನಿಗೆ ಬೀಳುತ್ತದೆ. ಇದೇ ಯೋಜನೆಯ ಬೈರಗೊಂಡ್ಲು ಜಲಾಶಯದ ವಿಷಯದಲ್ಲೂ ಗಡಿಯ ಆಚೆ ಈಚೆ ಇಂಥದೇ ತಾರತಮ್ಯ ಆಯಿತು. ಮುಳುಗುವ ಜಮೀನು ದೊಡ್ಡಬಳ್ಳಾಪುರಕ್ಕೆ ಸೇರಿದರೆ ಒಂದು ದರ, ಕೊರಟಗೆರೆಗೆ ಸೇರಿದರೆ ಅದಕ್ಕಿಂತ ಕಡಿಮೆ. ಸಮಾನ ಪರಿಹಾರ ಕೊಡಿ ಎಂದು ಕೊರಟಗೆರೆಯ ರೈತರು ಪಟ್ಟು ಹಿಡಿದರು.

ಹಣ ಕೊಡುವ ದಿನ ಮಾವ ರಸೀದಿಯ ಮೇಲೆ 'ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ' ಎಂದು ಬರೆದು ಸಹಿ ಹಾಕಿದರು. ದೊಡ್ಡಪ್ಪ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ಆ ಒಂದು ಸಾಲು ಬರೆಯದವರಿಗೆ ಹೆಚ್ಚಿನ ಪರಿಹಾರ ಕೇಳುವ, ಅದೇ ಕಾಯ್ದೆಯ 64ನೇ ಕಲಮಿನ ದಾರಿ ಮುಚ್ಚುತ್ತದೆ ಎಂದು ಅಲ್ಲಿದ್ದ ಯಾರೂ ಹೇಳಲಿಲ್ಲ. ಮಾವ ಕೋರ್ಟಿಗೆ ಹೋದರು, ಗೆದ್ದರು. ಆಗಲೂ ದೊಡ್ಡಪ್ಪನಿಗೆ ಒಂದು ಬಾಗಿಲು ತೆರೆದಿತ್ತು: ಒಂದೇ ಅಧಿಸೂಚನೆಯ ಜಮೀನಾದರೆ, ಪಕ್ಕದವನಿಗೆ ಹೆಚ್ಚು ಕೊಡಿಸಿದ ಆದೇಶದ ಮೇಲೆ ತಾನೂ 73ನೇ ಕಲಮಿನಡಿ ಅರ್ಜಿ ಹಾಕಬಹುದು. ಗಡುವು ಮೂರು ತಿಂಗಳು. ಸುದ್ದಿ ನಮ್ಮ ಮನೆ ತಲುಪುವಷ್ಟರಲ್ಲಿ ಅದು ಮುಗಿದಿತ್ತು.

ಅಗೆದ ಮಣ್ಣಿನ ಏರಿ ಈಗ ತೋಟದ ನಡುವೆ ಆಳೆತ್ತರ ಮೀರಿ ನಿಂತಿದೆ. ಆಚೆ ಉಳಿದ ತುಂಡಿಗೆ ಹೋಗಬೇಕಾದರೆ ಸೇತುವೆ ಸುತ್ತಿ ಬರಬೇಕು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಮೊದಲ ಹಂತ ಉದ್ಘಾಟನೆಯಾದಾಗ ದೊಡ್ಡಪ್ಪ ಟಿ.ವಿ. ಮುಂದೆ ಕೂತಿದ್ದರು. "ನೀರು ಬರ್ಲಿ, ಕುಡಿಯೋರು ಕುಡೀಲಿ. ನಮ್ಮನ್ನೂ ಅವರ ಸಮಕ್ಕೆ ನೋಡಿದ್ರೆ ಸಾಕಿತ್ತು" ಅಂದರು.

ನಿಮ್ಮ ಊರಿಗೂ ನಾಲೆಯೋ ಹೆದ್ದಾರಿಯೋ ಬರುವುದಿದ್ದರೆ ಇವತ್ತೇ ಪಹಣಿ ತೆಗೆಸಿ ನೋಡಿ. ಆಕ್ಷೇಪಣೆಯ ಸಾಲು ಬರೆಯದೆ ಹಣಕ್ಕೆ ಸಹಿ ಹಾಕಬೇಡಿ. ಕೋರ್ಟಿನಲ್ಲಿ ಗೆದ್ದವರು ಅದೇ ವಾರ ಪಕ್ಕದ ಜಮೀನಿನವರಿಗೆ ತಿಳಿಸಿ.