ಮಸ್ಕತ್ತಿಗೆ ಹೋಗಿ ನೋಡಿ ಬಂದೆವು

ನೀವೇ ಹೇಳಿ, ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವುದಿಲ್ಲವೆ? ಹಾಗೆಯೇ ಕೆಲಸ ಒಪ್ಪುವ ಮುಂಚೆ ಊರು ನೋಡಿ ಬರೋಣ ಅಂತ ಹೊರಟವರು ನಾನು ಮತ್ತು ನನ್ನ ತಂಗಿ. ಊರು ಅಂದರೆ ಪಕ್ಕದ ಊರಲ್ಲ, ಸಮುದ್ರದಾಚೆಯ ಒಮಾನ್ ದೇಶದ ರಾಜಧಾನಿ ಮಸ್ಕತ್!

ತಂಗಿ ಬಿ.ಎಸ್‌ಸಿ., ಬಿ.ಎಡ್. ಹನ್ನೆರಡು ವರ್ಷದಿಂದ ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ಅಲ್ಲಿ ಸಂಬಳ ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಅವಳ ಯಜಮಾನರ ಅಂಗಡಿ ಸಾಲದಲ್ಲಿ ಮುಳುಗಿದೆ. ಒಂಬತ್ತು ವರ್ಷದ ಒಬ್ಬನೇ ಮಗ, ಪುಟ್ಟ. ಇಂಥ ಹೊತ್ತಿನಲ್ಲಿ ಮಸ್ಕತ್ತಿನ ಒಂದು ಇಂಟರ್‌ನ್ಯಾಷನಲ್ ಶಾಲೆಯಿಂದ ಕೆಲಸದ ಪತ್ರ ಬಂತು. ತಿಂಗಳಿಗೆ 400 ರಿಯಾಲ್. ಒಂದು ರಿಯಾಲ್ ಎಂದರೆ ನಮ್ಮ 200 ರೂಪಾಯಿಗೂ ಮೇಲೆ. ಎಂಬತ್ತು ಸಾವಿರ ದಾಟಿತಲ್ಲ! ಎಲ್ಲರೂ ಖುಷಿಪಟ್ಟರು, ನಾನೊಬ್ಬಳೇ ಅಡ್ಡ ಬಾಯಿ ಹಾಕಿದೆ. "ಮಗನನ್ನ ಬಿಟ್ಟು ಹೋಗ್ತೀಯೇನೆ?" ಅಂದೆ. ಅವಳು ಮಾತಾಡಲಿಲ್ಲ. ರಾತ್ರಿಯೆಲ್ಲ ನನಗೂ ನಿದ್ದೆ ಬರಲಿಲ್ಲ. ಕೊನೆಗೆ ನನ್ನ ಚೀಟಿ ದುಡ್ಡು ತೆಗೆದು, ಹತ್ತು ದಿನ ಹೋಗಿ ಬರೋಣ ಅಂತ ತೀರ್ಮಾನ ಮಾಡಿದೆವು. ನಮ್ಮೆಜಮಾನರ ಚಿಕ್ಕಪ್ಪನ ಮಗಳು ಅಲ್ಲಿ ರೂವಿಯಲ್ಲಿ ಇದ್ದಾಳೆ. ಫೋನಿನಲ್ಲಿ ಅವಳ ಮೊದಲ ಮಾತೇ, "ಅತ್ತಿಗೆ, ಚಟ್ನಿಪುಡಿ ಎಷ್ಟು ಬೇಕಾದರೂ ತನ್ನಿ, ಗಸಗಸೆ ಮಾತ್ರ ಒಂದು ಕಾಳೂ ಬೇಡ!" ಕೆಲವು ಕೊಲ್ಲಿ ದೇಶಗಳಲ್ಲಿ ಗಸಗಸೆ ಒಯ್ಯುವುದೇ ಅಪರಾಧವಂತೆ. ನೀವೂ ನೆನಪಿಡಿ.

ಬೆಂಗಳೂರಿನಿಂದ ವಿಮಾನದಲ್ಲಿ ಮೂರೂವರೆ ಗಂಟೆ. ಇಳಿದ ಮೇಲೆ ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ. ಮಲೆನಾಡಿನ ಕಣ್ಣಿಗೆ ಮೊದಲು ಗಾಬರಿಯೇ ಆಯಿತು. ಎಲ್ಲಿ ನೋಡಿದರೂ ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ, ಅದರ ಬುಡದಲ್ಲಿ ಬೆಳ್ಳಗಿನ ಮನೆಗಳು, ಪಕ್ಕದಲ್ಲೇ ನೀಲಿ ಸಮುದ್ರ. ಹಳೆಯ ಮಸ್ಕತ್ತಿನ ಬಂದರಿನ ಎರಡು ಕಡೆ ಜಲಾಲಿ, ಮಿರಾನಿ ಎಂಬ ಕೋಟೆಗಳು ಪೋರ್ಚುಗೀಸರ ಕಾಲದವು. ಆ ಹಳೆಯ ಊರಲ್ಲೇ ಶಿವನ ಗುಡಿಯೂ ಇದೆ! ವ್ಯಾಪಾರಕ್ಕೆ ಬಂದ ಗುಜರಾತಿಗಳು ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದಾರೆ. ಹೂವು, ಬಿಲ್ವ ಕಂಡಾಗ ತಂಗಿಯ ಮುಖ ಸ್ವಲ್ಪ ಅರಳಿತು.

ಮತ್ರಾ ಸೂಕ್ ಎಂಬ ಸಂತೆಬೀದಿಗೆ ಹೋದರೆ ಲೋಬಾನದ ಹೊಗೆ, ನಮ್ಮ ಸಾಂಬ್ರಾಣಿಯ ಹಾಗೆಯೇ. ಅಂಗಡಿಯವರೆಲ್ಲ ಹಿಂದಿ ಮಾತಾಡುತ್ತಾರೆ. ಖರ್ಜೂರದ ಜೊತೆ ಏಲಕ್ಕಿ ಹಾಕಿದ ಕಾಫಿ ಕೊಟ್ಟರು, ಸಕ್ಕರೆಯೇ ಇಲ್ಲ! ಅಲ್ಲಿನ ಹಲ್ವ ನಮ್ಮ ಬಾಂಬೆ ಹಲ್ವದ ಅಕ್ಕ ಅನ್ನಬಹುದು, ತುಪ್ಪ, ಕೇಸರಿ, ಪನ್ನೀರಿನ ಘಮ. 2001ರಲ್ಲಿ ತೆರೆದ ದೊಡ್ಡ ಮಸೀದಿಯನ್ನು ಬೆಳಿಗ್ಗೆ ಹೊತ್ತು ಬೇರೆ ಧರ್ಮದವರೂ ನೋಡಬಹುದು, ಶುಕ್ರವಾರ ಮಾತ್ರ ಇಲ್ಲ. ಹೆಂಗಸರು ತಲೆಗೆ ಬಟ್ಟೆ ಹೊದ್ದು, ಮೈತುಂಬ ಉಡಬೇಕು. ಅದರ ಕಟ್ಟಡಕ್ಕೆ ಹೋದ ಮರಳುಗಲ್ಲು ನಮ್ಮ ಭಾರತದ್ದೇ. ಒಳಗಿನ ಇಡೀ ರತ್ನಗಂಬಳಿಯನ್ನು ಇರಾನಿನ ನೂರಾರು ಹೆಂಗಸರು ನಾಲ್ಕು ವರ್ಷ ಕೂತು ನೇಯ್ದರಂತೆ. ತೂಕ 21 ಟನ್. ನಾನು ಅದರ ಗಂಟುಗಳನ್ನೇ ನೋಡುತ್ತ ನಿಂತೆ. ಆ ಹೆಂಗಸರ ಮಕ್ಕಳನ್ನು ಯಾರು ನೋಡಿಕೊಂಡರೋ!

ಇನ್ನು ಶಾಲೆಯ ವಿಷಯ. 1970ರಲ್ಲಿ ಈ ದೇಶದಲ್ಲಿ ಇದ್ದದ್ದು ಮೂರೇ ಮೂರು ಶಾಲೆ, ಅವೂ ಗಂಡು ಹುಡುಗರಿಗೆ ಮಾತ್ರ. ಈಗ ಬೆಳಿಗ್ಗೆ ಬಸ್ಸು ಬಸ್ಸು ತುಂಬ ಹೆಣ್ಣು ಮಕ್ಕಳು ಹೋಗುವುದನ್ನು ನೋಡಿದೆ. ಭಾರತೀಯರ ಮಕ್ಕಳಿಗಾಗಿ ನಮ್ಮ ಸಿ.ಬಿ.ಎಸ್.ಇ. ಶಾಲೆಗಳೂ ಇವೆ. ವಾರದ ರಜೆ ಶುಕ್ರವಾರ, ಶನಿವಾರ, ಭಾನುವಾರ ಪಾಠ. ತಂಗಿಗೆ ಬಂದ ಶಾಲೆಯ ತರಗತಿಗಳು ಚೊಕ್ಕವಾಗಿವೆ, ಮಕ್ಕಳೂ ಮರ್ಯಾದಸ್ಥರು. ಆದರೆ ವಾಸಕ್ಕೆ ಇಬ್ಬರು ಟೀಚರಿಗೆ ಒಂದು ಫ್ಲಾಟು. ಮಗನ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಇಲ್ಲ.

ಅಲ್ಲಿ ನಮ್ಮ ಪುತ್ತೂರು ಕಡೆಯ ಒಬ್ಬ ಟೀಚರ್ ಸಿಕ್ಕರು. ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದು ಆರು ವರ್ಷವಾಯಿತಂತೆ. "ಊರಲ್ಲಿ ಮನೆ ಕಟ್ಟಿದೆ ಅಕ್ಕ. ಆದರೆ ರಜೆಗೆ ಹೋದರೆ ಮಗಳು ಅಜ್ಜಿಯನ್ನ ಕೇಳಿಯೇ ನನ್ನ ಪಕ್ಕ ಮಲಗ್ತಾಳೆ" ಅಂದರು. ನಗುತ್ತಲೇ ಅಂದರು. ಅವತ್ತು ರಾತ್ರಿ ತಂಗಿ ಬಹಳ ಹೊತ್ತು ಬಾಲ್ಕನಿಯಲ್ಲೇ ಇದ್ದಳು. ನಾನು ಹೋಗಿ ಪಕ್ಕ ನಿಂತೆ. "ಅಕ್ಕ, ಬಂದರೂ ತಪ್ಪು, ಬರದಿದ್ದರೂ ತಪ್ಪು. ಸಾಲ ಯಾರು ತೀರಿಸ್ತಾರೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೆ ಆ ಟೀಚರಮ್ಮ ಒಂದು ದಾರಿ ತೋರಿಸಿದ್ದರು. "ಏನು ಬೇಕೋ ಸಹಿ ಹಾಕುವ ಮುಂಚೆ ಬರವಣಿಗೆಯಲ್ಲಿ ಕೇಳಿ." ಮನೆಯಲ್ಲಿ ನಿಮ್ಮ ಹೆಣ್ಣುಮಕ್ಕಳಿಗೂ ಇಂಥ ಪತ್ರ ಬಂದರೆ ಇಷ್ಟು ಮಾಡಿ. ಸಂಬಳ, ಮನೆ, ವಿಮಾನದ ಟಿಕೆಟ್ಟು, ಮಕ್ಕಳ ಸೀಟು, ವೀಸಾ ಎಲ್ಲವನ್ನೂ ಕರಾರುಪತ್ರದಲ್ಲೇ ಬರೆಸಿ. ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡಿ. ಪದವಿಯ ಪತ್ರಗಳಿಗೆ ನಮ್ಮ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕು. ಅದಕ್ಕೆ ಸಮಯ ಹಿಡಿಯುತ್ತದೆ. ಮೊದಲೆಲ್ಲ ಹಳೆಯ ಮಾಲೀಕ ಒಪ್ಪದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. 2021ರ ಜನವರಿಯಿಂದ ಒಮಾನಿನಲ್ಲಿ ಕರಾರು ಮುಗಿದರೆ ಆ ಒಪ್ಪಿಗೆ ಬೇಕಿಲ್ಲ. ಇದು ನಮ್ಮಂಥವರಿಗೆ ದೊಡ್ಡ ಧೈರ್ಯ.

ಊರಿಗೆ ಬಂದು ತಂಗಿ ಶಾಲೆಗೆ ಬರೆದಳು. ಮಗನಿಗೆ ಸೀಟು, ಅರ್ಧ ಫೀಸು, ವೀಸಾಕ್ಕೆ ಸಹಾಯ ಇಲ್ಲದಿದ್ದರೆ ಬರುವುದಿಲ್ಲ ಅಂತ. ಹದಿನೇಳು ದಿನ ಉತ್ತರವೇ ಇಲ್ಲ! ಕೈಗೆ ಬಂದದ್ದು ಹೋಯಿತು ಅಂತ ಅವಳ ಯಜಮಾನರು ಸಪ್ಪಗಾದರು. ಹದಿನೆಂಟನೇ ದಿನ ಪತ್ರ ಬಂತು. ಸೀಟು ಉಂಟು, ಅರ್ಧ ಫೀಸೂ ಉಂಟು, ಆದರೆ ಮೊದಲ ಮೂರು ತಿಂಗಳು ಕೆಲಸ ನೋಡಿದ ಮೇಲೆ ಮಗನ ವೀಸಾ.

ಮೂರು ತಿಂಗಳು! ಅವಳ ಯಜಮಾನರು ಅಂಗಡಿ ಮುಚ್ಚಿ ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ. ಎಲ್ಲರೂ ಮುಖ ಮುಖ ನೋಡಿಕೊಂಡರು. ಬೇಡ ಅಂತ ಹಟ ಮಾಡಿದ್ದವಳು ನಾನೇ ಅಲ್ಲವೆ? ನಾನೇ ಬಾಯಿ ಬಿಟ್ಟೆ. "ಪುಟ್ಟ ನಮ್ಮನೇಲಿರಲಿ. ಆದರೆ ಮೂರೇ ತಿಂಗಳು ಕಣೆ. ನಾಲ್ಕನೇ ತಿಂಗಳು ವೀಸಾ ಬರದಿದ್ದರೆ ನೀನೇ ವಾಪಸು ಬರಬೇಕು." ತಂಗಿ ನನ್ನ ಕೈ ಹಿಡಿದುಕೊಂಡು ಹೂಂ ಅಂದಳು.

ಈ ಸೆಪ್ಟೆಂಬರಿನಲ್ಲಿ ಅವಳ ಪಯಣ. ಪುಟ್ಟನಿಗೆ ಉಪ್ಪಿಟ್ಟು ಕಂಡರೆ ಆಗದು, ಅಕ್ಕಿ ರೊಟ್ಟಿ ಇಷ್ಟ. ಈಗಿಂದಲೇ ಹಂಚು ಪಳಗಿಸುತ್ತಿದ್ದೇನೆ.